ದೇವರು ಹೇಳಿದರೆ ಕದಿಯಬಹುದೇ?

ಒಳ್ಳೆಯವರಾಗಿ ಬಾಳಲು ದೇವರನ್ನು ನಂಬಲೇಬೇಕೇ? ಜನಾಭಿಪ್ರಾಯ ಸಮೀಕ್ಷೆ ನಡೆಸುವ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ 34 ದೇಶಗಳ ಜನರಿಗೆ ಈ ಪ್ರಶ್ನೆ ಕೇಳಿತ್ತು. ಸ್ವೀಡನ್‌ನಲ್ಲಿ ನೂರಕ್ಕೆ 9 ಜನ ಹೌದು ಎಂದರು. ಭಾರತದಲ್ಲಿ 79 ಜನ. ಗೀತೆಯೋ ಕುರಾನೋ ಬೈಬಲ್ಲೋ ಇಲ್ಲದಿದ್ದರೆ ಮಕ್ಕಳು ದಾರಿ ತಪ್ಪುತ್ತಾರೆ ಎಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ.

ಹಾಗಾದರೆ ಮಕ್ಕಳನ್ನೇ ಕೇಳಿ ನೋಡಬಹುದು, ಅಲ್ವಾ? ಅಮೆರಿಕದ ಮನೋವಿಜ್ಞಾನಿಗಳಾದ ಲ್ಯಾರಿ ನೂಚಿ ಮತ್ತು ಎಲಿಯಟ್ ಟುರಿಯೆಲ್ ಹಾಗೆಯೇ ಮಾಡಿದರು. ಅವರು ಹುಡುಕಿಕೊಂಡು ಹೋದದ್ದು ದೇವರನ್ನು ನಂಬದವರ ಮಕ್ಕಳನ್ನಲ್ಲ. ಬೈಬಲ್ ಹೇಳಿದಂತೆಯೇ ಬದುಕಬೇಕೆನ್ನುವ ಆಮಿಷ್-ಮೆನೊನೈಟ್ ಕ್ರೈಸ್ತರ ಮಕ್ಕಳನ್ನು, ಕಟ್ಟುನಿಟ್ಟಾದ ಯಹೂದಿ ಮನೆಗಳ ಮಕ್ಕಳನ್ನು. ಈ ಅಧ್ಯಯನ 1993ರಲ್ಲಿ ಪ್ರಕಟವಾಯಿತು.

ಭಾನುವಾರ ಕೆಲಸ ಮಾಡುವುದು ತಪ್ಪೇ ಎಂದು ಕೇಳಿದರೆ ಆಮಿಷ್ ಮಕ್ಕಳು ತಪ್ಪು ಎಂದರು. ಬೈಬಲ್‌ನಲ್ಲಿ ಅದರ ಬಗ್ಗೆ ಏನೂ ಬರೆದಿರದಿದ್ದರೆ? ಆಗ ಮಾಡಬಹುದು ಎಂದರು. ಹೊಡೆಯುವುದರ ಬಗ್ಗೆ, ಕದಿಯುವುದರ ಬಗ್ಗೆ ಇದೇ ಪ್ರಶ್ನೆ ಬಂದಾಗ ಉತ್ತರ ಬೇರೆಯಾಯಿತು. ಗ್ರಂಥದಲ್ಲಿ ಇಲ್ಲದಿದ್ದರೂ ತಪ್ಪೇ ಎಂದು ಹೆಚ್ಚಿನವರು ಹೇಳಿದರು. ದೇವರೇ ಕದಿಯಲು ಹೇಳಿದರೆ? ಹೇಳಿದರೂ ಅದು ಸರಿಯಾಗುವುದಿಲ್ಲ ಎಂದವರೇ ಜಾಸ್ತಿ. ದೇವರು ಹಾಗೆ ಹೇಳುವವನಲ್ಲ, ಏಕೆಂದರೆ ಅವನು ಒಳ್ಳೆಯವನು ಎಂದು ವಾದಿಸಿದವರೂ ಇದ್ದರು.

ಈ ಉತ್ತರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಒಳ್ಳೆಯದು ಯಾವುದೆಂದು ಆ ಮಕ್ಕಳಿಗೆ ಮೊದಲೇ ಗೊತ್ತಿದೆ. ದೇವರನ್ನೂ ಅದರಿಂದಲೇ ಅಳೆಯುತ್ತಿದ್ದಾರೆ. ಭಕ್ತಿ ಒಂದಿಷ್ಟೂ ಕಡಿಮೆಯಾಗಿಲ್ಲ.

ಆ ಅಳತೆ ಬಂದದ್ದು ಎಲ್ಲಿಂದ? ಹುಟ್ಟಿನಿಂದಲೇ ಬರುತ್ತದೆ ಎನ್ನುವವರು 2007ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗವನ್ನು ತೋರಿಸುತ್ತಾರೆ. ಅದರಲ್ಲಿ 6 ಮತ್ತು 10 ತಿಂಗಳ ಕೂಸುಗಳು, ಗುಡ್ಡ ಹತ್ತುತ್ತಿದ್ದ ಗೊಂಬೆಗೆ ಅಡ್ಡಿ ಮಾಡಿದ ಗೊಂಬೆಯನ್ನು ಬಿಟ್ಟು ಸಹಾಯ ಮಾಡಿದ ಗೊಂಬೆಯತ್ತ ಕೈ ಚಾಚಿದ್ದವು. ಆದರೆ ಈಚೆಗೆ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ಇದನ್ನೇ ಮಾಡಿ ನೋಡಿದಾಗ ಆ ಒಲವು ಕಾಣಲಿಲ್ಲ. ಆದ್ದರಿಂದ ಅದನ್ನು ನಾನು ಆಧಾರ ಮಾಡಿಕೊಳ್ಳುವುದಿಲ್ಲ. ಗಟ್ಟಿಯಾಗಿ ನಿಂತಿರುವುದು ಇನ್ನೊಂದು ಸಂಗತಿ. 3–4 ವರ್ಷದ ಮಕ್ಕಳೂ ನಿಯಮಗಳನ್ನು ಎರಡು ಬಗೆಯಾಗಿ ನೋಡುತ್ತಾರೆ. ಆಟದ ಸಾಮಾನನ್ನು ಎಲ್ಲಿಡಬೇಕು ಎಂಬುದನ್ನು ಟೀಚರ್ ಬದಲಿಸಬಹುದು. ಇನ್ನೊಬ್ಬರಿಗೆ ಹೊಡೆಯುವುದು ಟೀಚರ್ ಒಪ್ಪಿದರೂ ತಪ್ಪು. ಹೊಡೆದರೆ ನೋಯುತ್ತದೆ ಎಂಬುದನ್ನು ಮಗು ಯಾರಿಂದಲೂ ಕೇಳಿ ತಿಳಿಯಬೇಕಿಲ್ಲ. ಏಟು ತಿಂದು ಅತ್ತಿರುತ್ತದೆ, ಏಟು ಕೊಟ್ಟು ಇನ್ನೊಂದು ಮಗು ಅಳುವುದನ್ನು ಕಂಡಿರುತ್ತದೆ.

ಇದಕ್ಕೆ ದೊಡ್ಡ ಸವಾಲು ಬಂದದ್ದು ನಮ್ಮ ದೇಶದಿಂದಲೇ. ಸಂಶೋಧಕರಾದ ರಿಚರ್ಡ್ ಶ್ವೇಡರ್, ಮನಮೋಹನ ಮಹಾಪಾತ್ರ ಮತ್ತು ಜೋನ್ ಮಿಲ್ಲರ್ ಭುವನೇಶ್ವರದ ಲಿಂಗರಾಜ ದೇವಸ್ಥಾನದ ಸುತ್ತಲಿನ ಹಳೇ ಊರಿನಲ್ಲಿ ಮಕ್ಕಳನ್ನೂ ದೊಡ್ಡವರನ್ನೂ ಮಾತಾಡಿಸಿ 1987ರಲ್ಲಿ ವರದಿ ಮಾಡಿದರು. ಅಪ್ಪ ಸತ್ತ ಮರುದಿನ ಹಿರಿಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿನ್ನುವುದು ಅಲ್ಲಿನ ಬ್ರಾಹ್ಮಣ ಮಕ್ಕಳಿಗೆ ಎಲ್ಲಕ್ಕಿಂತ ಘೋರ ತಪ್ಪಾಗಿ ಕಂಡಿತು. ಅದು ಸುಮ್ನೆ ಒಂದು ಪದ್ಧತಿ, ಬೇಕೆಂದರೆ ಬದಲಿಸಬಹುದು ಎಂದು ಅವರು ಒಪ್ಪಲಿಲ್ಲ. ಹೇಳದೆ ಮತ್ತೆ ಸಿನಿಮಾಗೆ ಹೋದ ಹೆಂಡತಿಯನ್ನು ಗಂಡ ಬಾಸುಂಡೆ ಬರುವಂತೆ ಹೊಡೆದ ಪ್ರಸಂಗವೂ ಅವರು ಕೇಳಿದ ಪ್ರಸಂಗಗಳ ಪಟ್ಟಿಯಲ್ಲಿತ್ತು. ಅದು ಅಲ್ಲಿನ ಹೆಚ್ಚಿನವರಿಗೆ ತಪ್ಪೆನಿಸಲಿಲ್ಲ.

ಟುರಿಯೆಲ್ ಮತ್ತು ಅವರ ಜೊತೆಗಾರರು ಕೋಳಿಯ ಪ್ರಸಂಗವನ್ನು ಬೇರೆ ರೀತಿ ಓದಿದರು. ಮಗ ಸೂತಕ ಮುರಿದರೆ ಅಪ್ಪನ ಆತ್ಮಕ್ಕೆ ಸದ್ಗತಿ ಸಿಗುವುದಿಲ್ಲ ಎಂದು ಆ ಮಕ್ಕಳು ನಂಬಿದ್ದರು. ಅಂದರೆ ಅವರ ಕಣ್ಣಲ್ಲಿ ಅದು ತೀರಿಹೋದ ಅಪ್ಪನಿಗೆ ಮಾಡಿದ ಕೇಡು. ಇನ್ನೊಬ್ಬರಿಗೆ ಕೇಡು ಮಾಡಬಾರದು ಎಂಬ ತಿಳಿವು ಅಮೆರಿಕದ ಮಕ್ಕಳಿಗೂ ಇವರಿಗೂ ಒಂದೇ. ಸತ್ತವರಿಗೆ ಏನಾಗುತ್ತದೆ ಎಂಬ ನಂಬಿಕೆ ಮಾತ್ರ ಬೇರೆ. ಗ್ರಂಥ, ಸಂಪ್ರದಾಯಗಳು ಕೆಲಸ ಮಾಡುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಯಾವುದರಿಂದ ಯಾರಿಗೆ ಕೇಡಾಗುತ್ತದೆ ಎಂಬುದನ್ನು ಅವು ಹೇಳಿಕೊಡುತ್ತವೆ.

ಆದರೆ ಹೆಂಡತಿಗೆ ಬಿದ್ದ ಏಟಿಗೆ ಈ ಓದು ನನಗೆ ಸಾಲದು. ಅಲ್ಲಿ ನೋವು ಪರಲೋಕದ್ದಲ್ಲ, ಮೈಮೇಲೆ ಬಾಸುಂಡೆಯಾಗಿ ಎದ್ದಿದೆ. ಎಲ್ಲರಿಗೂ ಕಾಣುತ್ತದೆ. ಗಂಡನಿಗೆ ಆ ಹಕ್ಕಿದೆ ಎಂಬ ಕಲಿಕೆ ಅದನ್ನು ಲೆಕ್ಕಕ್ಕೇ ಬರದಂತೆ ಮಾಡಿದೆ. ಮಗುವಾಗಿದ್ದಾಗ ತಿಳಿದಿದ್ದನ್ನೇ ದೊಡ್ಡವರು ಹೀಗೆ ಅಳಿಸಬಲ್ಲರು. ನನಗೆ ಹೆದರಿಕೆ ಇರುವುದು ಗ್ರಂಥ ಓದದ ಮಕ್ಕಳ ಬಗ್ಗೆ ಅಲ್ಲ, ಈ ಅಳಿಸುವಿಕೆಯ ಬಗ್ಗೆ.

ಭುವನೇಶ್ವರದ ವರದಿ ಬಂದು 18 ವರ್ಷಗಳ ಮೇಲೆ, 2005ರಲ್ಲಿ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ನಮ್ಮಲ್ಲಿ ಬಂತು. ಆ ನಡುವೆ ಯಾವ ಗ್ರಂಥಕ್ಕೂ ಹೊಸ ಶ್ಲೋಕ ಸೇರಿರಲಿಲ್ಲ. ಏಟು ತಿಂದವರು ಬಾಯಿಬಿಟ್ಟು ಹೇಳಿದರು, ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಕೇಳಿದವು.