ಹಾಡದ ದನಿಯ ಬಲ ಮತ್ತು ಮಿತಿ

ಧ್ವನಿಮುದ್ರಣಕ್ಕೆ ಬರುವ ಹೊಸ ಗಾಯಕರು ನನ್ನನ್ನು ಮೊದಲು ಕೇಳುವುದು ರಿವರ್ಬ್ (ದೊಡ್ಡ ಕೋಣೆಯಲ್ಲಿ ಕೇಳಿಸುವಂಥ ಅನುರಣನ) ಹಾಕಿಕೊಡಿ ಎಂದು. ದನಿಯ ಹಿಂದೆ ಒಂದಿಷ್ಟು ಅನುರಣನವಿದ್ದರೆ ಶ್ರುತಿಯ ಸಣ್ಣಪುಟ್ಟ ಜಾರುವಿಕೆ ಮರೆಯಾಗುತ್ತದೆ, ಹಾಡಿದವರಿಗೂ ಧೈರ್ಯ ಬರುತ್ತದೆ. ಆ ಮರೆಯಿಲ್ಲದೆಯೂ ದನಿ ನಿಲ್ಲಬಲ್ಲದು ಎಂದು ತೋರಿಸಲು ಅಂಥವರಿಗೆ ನಾನು ಕೇಳಿಸುವುದು ಫ್ರಾನ್ಸಿನ ಗ್ರೆನೋಬಲ್ ನಗರದ ಜೋಡಿಯಾದ ಮಿಸ್ ಕಿಟಿನ್ ಮತ್ತು ದ ಹ್ಯಾಕರ್ 2001ರಲ್ಲಿ ಹೊರತಂದ ‘ಫಸ್ಟ್ ಆಲ್ಬಮ್’. ಮಿಸ್ ಕಿಟಿನ್ ಎಂದರೆ ಕ್ಯಾರೊಲಿನ್ ಎರ್ವೆ. ಹ್ಯಾಕರ್ ಎಂದರೆ ಮಿಷೆಲ್ ಅಮಾಟೊ. ಮ್ಯೂನಿಕ್‌ನ ಡಿಜೆ ಹೆಲ್ ಅವರ ಗಿಗೊಲೊ ಲೇಬಲ್ (ಧ್ವನಿಮುದ್ರಣ ಸಂಸ್ಥೆ) ಇದನ್ನು ಬಿಡುಗಡೆ ಮಾಡಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಲ್ಯಾರಿ ಟೀ ನಡೆಸಿದ ಉತ್ಸವದಿಂದ ಈ ಬಗೆಯ ಸಂಗೀತಕ್ಕೆ ‘ಎಲೆಕ್ಟ್ರೊಕ್ಲ್ಯಾಶ್’ ಎಂಬ ಹೆಸರು ಗಟ್ಟಿಯಾಯಿತು: ಎಂಬತ್ತರ ದಶಕದ ವಿದ್ಯುನ್ಮಾನ ವಾದ್ಯಗಳಾದ ಸಿಂಥ್‌ಗಳ ನಾದ, ಯಂತ್ರಲಯದ ನೃತ್ಯಸಂಗೀತವಾದ ಟೆಕ್ನೊದ ಲಯ, ಬಂಡಾಯದ ರಾಕ್ ಆದ ಪಂಕ್‌ನ ಉಡಾಫೆ.

ಈ ಆಲ್ಬಂನಲ್ಲಿ ಕಿಟಿನ್ ಹಾಡುವುದಕ್ಕಿಂತ ಮಾತಾಡುವುದೇ ಹೆಚ್ಚು. ಫ್ರೆಂಚ್ ಛಾಯೆಯ ಇಂಗ್ಲಿಷಿನಲ್ಲಿ, ಕಡ್ಡಿ ತುಂಡು ಮಾಡಿದಂತೆ, ಏರಿಳಿತವೇ ಇಲ್ಲದೆ ಸಾಲುಗಳನ್ನು ಒಪ್ಪಿಸುತ್ತಾರೆ. ಅಮೆರಿಕದ ಪ್ರಸಿದ್ಧ ಗಾಯಕನ ಹೆಸರಿನ ‘ಫ್ರ್ಯಾಂಕ್ ಸಿನಾಟ್ರಾ’ ಹಾಡನ್ನು ಗಮನಿಸಿ. ಖ್ಯಾತಿ, ಸಿರಿವಂತಿಕೆ, ಐಷಾರಾಮಿ ಕಾರು, ನಡುವೆ ಎರಡು ಪೋಲಿ ಮಾತು, ಕೊನೆಗೆ ಸಿನಾಟ್ರಾ ಸತ್ತುಹೋದನೆಂಬ ಸುದ್ದಿ ಮತ್ತು ಒಂದು ನಗು. ಸಿನಾಟ್ರಾ ತೀರಿಕೊಂಡದ್ದು 1998ರ ಮೇ ತಿಂಗಳಲ್ಲಿ. ಹಾಡು ಮೊದಲು ಹೊರಬಂದದ್ದೂ ಅದೇ ವರ್ಷ. ಆ ನಗು ಕಿವಿಯ ಪಕ್ಕದಲ್ಲೇ ಕೇಳಿಸಬೇಕು. ದೊಡ್ಡ ಸಭಾಂಗಣದಿಂದ ಬಂದಂತೆ ಕೇಳಿಸಿದರೆ ಅದು ದೆವ್ವದ ಸಿನಿಮಾದ ನಗುವಾಗುತ್ತದೆ, ವ್ಯಂಗ್ಯ ಉಳಿಯುವುದಿಲ್ಲ. ಇದನ್ನು ತೋರಿಸಲು ನಾನು ಒಬ್ಬ ವಿದ್ಯಾರ್ಥಿಯಿಂದ ಇಂಥದೇ ಎರಡು ಸಾಲು ಹೇಳಿಸಿ, ಮೊದಲು ಒಣದಾಗಿಯೂ (ರಿವರ್ಬ್ ಇಲ್ಲದೆ) ಆಮೇಲೆ ಎರಡು ಸೆಕೆಂಡಿನ ರಿವರ್ಬ್ ಹಾಕಿಯೂ ಕೇಳಿಸುತ್ತೇನೆ. ಎರಡನೆಯ ಸಲ ಯಾರೂ ನಗುವುದಿಲ್ಲ.

ಇಷ್ಟು ಸಪಾಟಾದ ದನಿ ಎಲ್ಲ ನಾದಗಳನ್ನು ಬೆರೆಸುವ ಮಿಕ್ಸಿಂಗ್‌ನಲ್ಲಿ ಮುಳುಗದೆ ನಿಲ್ಲುವುದಕ್ಕೆ ಸಂಗೀತ ಕಟ್ಟುವ ಹ್ಯಾಕರ್ ಅವರ ಜಿಪುಣತನವೇ ಕಾರಣ. ಕೆಳಗೆ ನಾಲ್ಕೂ ಎಣಿಕೆಗೆ ಬೀಳುವ ಕಿಕ್ (ಕೆಳದನಿಯ ಡ್ರಮ್), ಅದರ ಜೊತೆ ಒಂದು ಸಮಯಕ್ಕೆ ಒಂದೇ ಸ್ವರ ನುಡಿಯುವ ಬೇಸ್ ಸಿಂಥ್, ಮೇಲೆ ಚುರುಕಾದ ಹೈ-ಹ್ಯಾಟ್ (ಜೋಡಿ ತಾಳದ ಸದ್ದು). ನಡುವಿನ ಜಾಗ ಬಹುಪಾಲು ಖಾಲಿ. ಕಿಕ್‌ನ ತಿರುಳು ಸಾಮಾನ್ಯವಾಗಿ 50-60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸುತ್ತ ಇರುತ್ತದೆ, ಮಹಿಳೆಯ ಮಾತಿನ ಮೂಲ ಕಂಪನ ಸುಮಾರು 200 ಹರ್ಟ್ಸ್, ಅಕ್ಷರಗಳ ಸ್ಪಷ್ಟತೆ ತಿಳಿಯುವುದು 2,000ದಿಂದ 4,000 ಹರ್ಟ್ಸ್ ನಡುವೆ. ಆ ವಲಯಕ್ಕೆ ಗಿಟಾರನ್ನೋ ದಪ್ಪ ಸಿಂಥ್ ಮೇಳವನ್ನೋ ತುಂಬದೆ ಬಿಟ್ಟಿರುವುದರಿಂದ ಪಿಸುಮಾತೂ ಮುಂದೆ ಬಂದು ಕೂರುತ್ತದೆ. ನಮ್ಮಲ್ಲಿ ಅನೇಕರು ಮೂವತ್ತು ಟ್ರ್ಯಾಕ್ (ಬೇರೆಬೇರೆ ನಾದದ ಪದರ) ಪೇರಿಸಿ, ಆಮೇಲೆ ದನಿ ಕೇಳಿಸುತ್ತಿಲ್ಲವೆಂದು ದನಿಯ ಮಟ್ಟದ ಫೇಡರ್ ಏರಿಸುತ್ತಲೇ ಹೋಗುತ್ತಾರೆ.

‘1982’ ಇದೇ ಮಿತವ್ಯಯದ ಇನ್ನೊಂದು ಒಳ್ಳೆಯ ಮಾದರಿ. ಆ ದಶಕದ ಸಿಂಥ್-ಪಾಪ್ ಹಾಡುಗಳ ಹೆಸರುಗಳನ್ನೇ ಪೋಣಿಸಿ ಸಾಹಿತ್ಯ ಮಾಡಿದ್ದಾರೆ. ಗುರುತು ಸಿಕ್ಕವರಿಗೆ ಖುಷಿ, ಸಿಗದವರಿಗೆ ಲಯ ಸಾಕು.

ಆದರೆ ಈ ಎರಡು ಹಾಡುಗಳೂ 1998ರ ‘ಶಾಂಪೇನ್’ ಇಪಿಯಿಂದ (ಕೆಲವೇ ಹಾಡುಗಳ ಕಿರು ಆಲ್ಬಂ) ಬಂದವು ಎಂಬುದರಲ್ಲೇ ಆಲ್ಬಂನ ದೌರ್ಬಲ್ಯದ ಸುಳಿವಿದೆ. ಮೂರು ವರ್ಷ ಹಳೆಯ ಹಾಡುಗಳು ಅದರ ಬೆನ್ನೆಲುಬು. ಹೊಸತರಲ್ಲಿ ‘ಸ್ಟಾಕ್ ಎಕ್ಸ್‌ಚೇಂಜ್’ ಮಾತ್ರ ಅವುಗಳಿಗೆ ಹೆಗಲೆಣೆಯಾಗಿ ನಿಲ್ಲುತ್ತದೆ ಎಂಬುದು ನನ್ನ ಅನಿಸಿಕೆ. ಹಣದ ಮಾತಿಗೆ ಆ ನಿರ್ಲಿಪ್ತ ದನಿ ಹೇಳಿಮಾಡಿಸಿದಂತಿದೆ. ‘ನರ್ಸ್’ನಂಥ ಹಾಡಿನಲ್ಲಿ ಅದೇ ದನಿ ಬೆಚ್ಚಿಬೀಳಿಸಲು ಹೊರಟು ಭಂಗಿಯಾಗಿಯಷ್ಟೇ ಉಳಿಯುತ್ತದೆ. ರಾಗವಿಲ್ಲದ ದನಿ ಮಾತಿನ ಚುರುಕನ್ನೇ ನಂಬಿ ನಿಂತಿರುತ್ತದೆ. ಮಾತು ಸಪ್ಪೆಯಾದ ಕ್ಷಣ ಆ ಖಾಲಿ ಜಾಗ ಬರೀ ಖಾಲಿಯಾಗಿಯೇ ಕೇಳಿಸುತ್ತದೆ. ಮೇಲಾಗಿ ಒಂದೇ ಬಗೆಯ ಡ್ರಮ್ ಮಷೀನ್ ನಾದ ಹಾಡಿನಿಂದ ಹಾಡಿಗೆ ಮುಂದುವರಿಯುವುದರಿಂದ ಆಲ್ಬಂನ ದ್ವಿತೀಯಾರ್ಧದಲ್ಲಿ ಕಿವಿ ದಣಿಯುತ್ತದೆ. ಇದರ ದೋಷವನ್ನು ಮಿಕ್ಸಿಂಗ್ ಮೇಲೆ ಹೊರಿಸಲಾರೆ. ಡಾನ್ಸ್ ಕ್ಲಬ್ಬಿನಲ್ಲಿ ಬೇರೆಯವರ ಹಾಡುಗಳ ನಡುವೆ ಒಂದೊಂದಾಗಿ ಕೇಳಲೆಂದು ಕಟ್ಟಿದ ಹಾಡುಗಳನ್ನು ಸಾಲಾಗಿ ಜೋಡಿಸಿದ್ದರ ಫಲ ಇದು.

ಈ ಜೋಡಿಯ ಮುಂದಿನ ಆಲ್ಬಂ ‘ಟೂ’ ಬಂದದ್ದು 2009ರಲ್ಲಿ. ಅದರಲ್ಲಿ ಎಲ್ವಿಸ್ ಪ್ರೆಸ್ಲಿ ಪ್ರಸಿದ್ಧಗೊಳಿಸಿದ ‘ಸಸ್ಪಿಷಿಯಸ್ ಮೈಂಡ್ಸ್’ ಹಾಡನ್ನು ಎತ್ತಿಕೊಂಡಿದ್ದಾರೆ. ಆ ರಾಗದ ಏರಿಳಿತ ಎಷ್ಟು ಗಟ್ಟಿಯೆಂದರೆ, ಕಿಟಿನ್ ದನಿ ತಣ್ಣಗಿದ್ದರೂ ಹಾಡು ತಾನಾಗಿ ಮುಂದೆ ಸಾಗುತ್ತದೆ.