ಸೆಂಟ್ರಿಂಗ್ ಇಲ್ಲದೆ ಇಟ್ಟಿಗೆ ಕಮಾನು ನಿಲ್ಲುತ್ತದೆಯೇ?

ಪ್ರಶ್ನೆ: ಈಜಿಪ್ಟಿನ ವಾಸ್ತುಶಿಲ್ಪಿ ಅಬ್ದೆಲ್ ವಾಹೆದ್ ಎಲ್-ವಕೀಲ್ ಅವರ ಮನೆ, ಮಸೀದಿಗಳ ಚಿತ್ರ ನೋಡಿದೆ. ಸೆಂಟ್ರಿಂಗ್ (ಕಮಾನು ಬಿಗಿಯುವವರೆಗೆ ಕೆಳಗೆ ಕೊಡುವ ಆಸರೆ) ಹೊಡೆಯದೆ ಕಮಾನು ಕಟ್ಟುವ ಪದ್ಧತಿ ಅವರದು ಅಂತಾರೆ. ನಿಜವಾ? ಒಳಗೆಲ್ಲೋ ಕಂಬಿ ಅಡಗಿಸಿರಲ್ವಾ?

ಉತ್ತರ: ಎಲ್-ವಕೀಲ್ ಬಗ್ಗೆ ಏನೇ ಬರೆದರೂ ತಿರುಗಿ ಬರುವ ಪ್ರಶ್ನೆ ಇದೇ. ಅವರ ಬಣ್ಣ, ಗಾಳಿ ಹಿಡಿಯುವ ಗೋಪುರ, ಅಂಗಳ ಯಾವುದೂ ಯಾರಿಗೂ ಬೇಡ. ಕಂಬಿ ಎಲ್ಲಿದೆ ಹೇಳಿ ಸಾಕು. ಈ ಪದ್ಧತಿಗೆ ಕಂಬಿ ಬೇಕಾಗಿಲ್ಲ. ಸೌದಿಯ ದೊಡ್ಡ ಕೆಲಸಗಳಲ್ಲಿ ಅವರು ಕಾಂಕ್ರೀಟನ್ನೂ ಬಳಸಿದ್ದಾರೆ, ಅದನ್ನು ಮುಚ್ಚಿಡುವುದೇನೂ ಇಲ್ಲ. ಆದರೆ ಇಟ್ಟಿಗೆ ಕಮಾನು ನಿಂತಿರುವುದು ಅದರ ದಯದಿಂದಲ್ಲ.

ಮೊದಲು ಮನುಷ್ಯನ ವಿಷಯ ಬೇಗ ಮುಗಿಸುತ್ತೇನೆ. 1943ರಲ್ಲಿ ಕೈರೋದಲ್ಲಿ ಹುಟ್ಟಿದರು. 1965ರಲ್ಲಿ ಐನ್ ಶಮ್ಸ್ ವಿಶ್ವವಿದ್ಯಾಲಯದಲ್ಲಿ ಪದವಿ, ಅಲ್ಲೇ ಕೆಲವು ವರ್ಷ ಪಾಠ. ಆಮೇಲೆ ಮಣ್ಣಿನ ಕಟ್ಟಡಗಳಿಗೆ ಹೆಸರಾದ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿಯವರ ಶಿಷ್ಯತ್ವ. ಅಲೆಕ್ಸಾಂಡ್ರಿಯಾ ಪಕ್ಕದ ಅಗಮಿ ಕಡಲತೀರದಲ್ಲಿ 1975ರಲ್ಲಿ ಮುಗಿದ ಹಲಾವಾ ಮನೆಗೆ 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಜೆಡ್ಡಾದ ಕಡಲಂಚಿನ ಪುಟ್ಟ ಕೊರ್ನಿಷ್ ಮಸೀದಿಗೆ 1989ರಲ್ಲಿ ಮತ್ತೆ ಅದೇ ಪ್ರಶಸ್ತಿ. ಮದೀನಾದ ಕುಬಾ ಮಸೀದಿಯನ್ನು ಹೊಸದಾಗಿ ಕಟ್ಟಿಸಿದ್ದು, ಜೆಡ್ಡಾದ ಕಿಂಗ್ ಸೌದ್ ಮಸೀದಿಯ 20 ಮೀಟರ್ ಅಗಲದ ಗುಮ್ಮಟ, 2009ರ ಡ್ರೀಹೌಸ್ ವಾಸ್ತುಶಿಲ್ಪ ಪ್ರಶಸ್ತಿ, ಹೀಗೆ ಪಟ್ಟಿ ಉದ್ದವಿದೆ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: "ಸೆಂಟ್ರಿಂಗ್ ಇಲ್ಲದೆ ಕಮಾನು ಬಿದ್ದೇ ಬೀಳುತ್ತದೆ." ಫಾತಿಯವರೂ ಇದಕ್ಕೆ ಬೆಲೆ ತೆತ್ತವರೇ. ಎರಡನೇ ಮಹಾಯುದ್ಧದಲ್ಲಿ ಮರ, ಕಬ್ಬಿಣ ಸಿಗದೆ ಹೋದಾಗ ಮಣ್ಣಿನ ಇಟ್ಟಿಗೆಯಲ್ಲೇ ಕಮಾನು ಚಾವಣಿ ಕಟ್ಟಿಸಲು ಹೋದರು, ಬಿದ್ದುಹೋಯಿತು. 1941ರಲ್ಲಿ ದಕ್ಷಿಣ ಈಜಿಪ್ಟಿನ ಆಸ್ವಾನ್ ಕಡೆ ಹೋದಾಗ ನೂಬಿಯಾದ ಮೇಸ್ತ್ರಿಗಳು ಅದನ್ನೇ ಸಲೀಸಾಗಿ ಕಟ್ಟುತ್ತಿರುವುದು ಕಂಡಿತು. ಲಕ್ಸರ್‌ನ ರಾಮೆಸ್ಸಿಯಮ್ ಗುಡಿಯ ಉಗ್ರಾಣಗಳ ಮಣ್ಣಿಟ್ಟಿಗೆ ಕಮಾನುಗಳಿಗೆ 3,000 ವರ್ಷ ದಾಟಿದೆ. ಬೀಳುವುದಾದರೆ ಅವಕ್ಕೆ ಬೇಕಾದಷ್ಟು ಸಮಯ ಸಿಕ್ಕಿತ್ತು.

ಗುಟ್ಟು ಇಷ್ಟೇ: ಇಟ್ಟಿಗೆಯ ವರಸೆಗಳನ್ನು (ಸಾಲುಗಳನ್ನು) ನೆಟ್ಟಗೆ ನಿಲ್ಲಿಸುವುದಿಲ್ಲ, ಹಿಂದಕ್ಕೆ ಒರಗಿಸುತ್ತಾರೆ.

ಅಕ್ಕಪಕ್ಕ ಎರಡು ದಪ್ಪ ಗೋಡೆ, ನಡುವೆ ಸುಮಾರು 3 ಮೀಟರ್. ಒಂದು ತುದಿಯಲ್ಲಿ ಅವಕ್ಕಿಂತ ಎತ್ತರದ ಅಡ್ಡಗೋಡೆ. ಪಕ್ಕದ ಗೋಡೆಗಳ ಮೇಲೆ ಹಲಗೆ ಹಾಕಿ ಮೇಸ್ತ್ರಿ ನಿಲ್ಲುತ್ತಾನೆ. ಅದು ಕಾಲಿಡಲು ಮಾತ್ರ, ಕಮಾನಿಗೆ ಆಸರೆಯಲ್ಲ. ಅಡ್ಡಗೋಡೆಯ ಮೇಲೆ ಹಸಿಮಣ್ಣು ಮೆತ್ತಿ, ಬಾಚಿಯಿಂದ ಕೆತ್ತಿ, ಕಮಾನಿನ ಗೆರೆ ಮೂಡಿಸುತ್ತಾನೆ. ಆಕಾರ ಅರ್ಧವೃತ್ತವಲ್ಲ, ಪರವಲಯ. ಸರಪಳಿಯ ಎರಡು ತುದಿ ಹಿಡಿದು ಇಳಿಬಿಟ್ಟು ಆ ಬಾಗನ್ನು ತಲೆಕೆಳಗು ಮಾಡಿ ನೋಡಿ, ಹೆಚ್ಚುಕಡಿಮೆ ಅದೇ. ಆ ಗೆರೆಯಲ್ಲಿ ಭಾರವೆಲ್ಲ ಒತ್ತಡವಾಗಿಯೇ ಇಳಿಯುತ್ತದೆ, ಎಳೆತ ಬರುವುದಿಲ್ಲ. ಕಂಬಿಯ ಕೆಲಸ ಎಳೆತ ತಡೆಯುವುದು. ಎಳೆತವೇ ಇಲ್ಲದ ಕಡೆ ಕಂಬಿ ಏನು ಮಾಡಬೇಕು?

ಇಟ್ಟಿಗೆ 25x15x5 ಸೆಂಟಿಮೀಟರ್, ಮಾಮೂಲಿಗಿಂತ ಹೆಚ್ಚು ಹುಲ್ಲು ಬೆರೆಸಿದ್ದು, ಹಾಗಾಗಿ ಹಗುರ. ಹಸಿಯಾಗಿದ್ದಾಗಲೇ ಅದರ ಅಗಲ ಮೈಮೇಲೆ ಬೆರಳಿನಿಂದ ಎರಡು ಓರೆ ಗೀರು ಎಳೆದಿರುತ್ತಾರೆ. ಒಣ ಇಟ್ಟಿಗೆ ಹಸಿಮಣ್ಣಿನ ನೀರು ಹೀರುತ್ತದೆ, ಗೀರುಗಳು ಕಚ್ಚಿಕೊಳ್ಳುತ್ತವೆ, ಇಟ್ಟಿಗೆ ಅಂಟಿ ನಿಲ್ಲುತ್ತದೆ. ಮೊದಲ ಇಟ್ಟಿಗೆಯ ಬುಡಕ್ಕೆ ಮಣ್ಣಿನ ಬೆಣೆ ಕೊಟ್ಟು ಅಡ್ಡಗೋಡೆಯ ಕಡೆಗೆ ಒರಗಿಸುತ್ತಾರೆ. ಮುಂದಿನ ವರಸೆ ಇದರ ಮೇಲೆ ಒರಗುತ್ತದೆ, ಅದರ ಮುಂದಿನದು ಅದರ ಮೇಲೆ. ಅಂದರೆ ಪ್ರತಿ ವರಸೆಗೂ ಹಿಂದಿನ ವರಸೆಯೇ ಸೆಂಟ್ರಿಂಗ್. ಇದನ್ನು ಇನ್ನೆಷ್ಟು ಬಿಡಿಸಿ ಹೇಳಲಿ?

ಕೆಡುವುದು ಎಲ್ಲಿ ಅಂದರೆ: ಒರಗು ಸಾಲದಿದ್ದರೆ ಮಣ್ಣು ಬಿಗಿಯುವ ಮೊದಲೇ ಇಟ್ಟಿಗೆ ಜಾರುತ್ತದೆ. ಸಂದು ಮೇಲೆ ಸಂದು ಬಂದರೆ ಅಲ್ಲೇ ಸೀಳುತ್ತದೆ. ಒಳಮೈಯಲ್ಲಿ ಇಟ್ಟಿಗೆಗೆ ಇಟ್ಟಿಗೆ ತಾಗಿರಬೇಕು. ಹೊರಮೈಯಲ್ಲಿ ಬಾಯಿಬಿಡುವ ಸಂದಿಗೆ ಕಲ್ಲಿನ ಚಕ್ಕೆ ಹೊಡೆಯಬೇಕು. ಬರೀ ಮಣ್ಣು ತುಂಬಿದರೆ ಅದು ಒಣಗಿ ಕುಗ್ಗಿದಂತೆ ಇಡೀ ಕಮಾನು ಕುಸಿಯತೊಡಗುತ್ತದೆ. ಗೆರೆಯನ್ನೇ ಚಪ್ಪಟೆ ಎಳೆದಿದ್ದರೆ ಪಕ್ಕದ ಗೋಡೆ ಹೊರಕ್ಕೆ ತಳ್ಳಿಸಿಕೊಂಡು ಕಮಾನಿನ ನೆತ್ತಿ ಬಾಯಿಬಿಡುತ್ತದೆ. ಆಗ ಬೈಯಬೇಕಾದದ್ದು ಗೆರೆ ಎಳೆದವನನ್ನು, ಇಟ್ಟಿಗೆಯನ್ನಲ್ಲ.

ಗುಮ್ಮಟದ ಲೆಕ್ಕ ಬೇರೆ. ನಡುವೆ ಗೂಟ ನೆಟ್ಟು ದಾರ ಕಟ್ಟಿ, ಅದರ ಅಳತೆಯಲ್ಲಿ ಇಟ್ಟಿಗೆಯನ್ನು ಸುತ್ತಲೂ ಕೂರಿಸುತ್ತಾರೆ. ಒಂದು ಸುತ್ತು ಮುಗಿಯುವವರೆಗೆ ಅಪಾಯ. ಕೊನೆಯ ಇಟ್ಟಿಗೆ ಬಿಗಿದು ಕೂತ ಕ್ಷಣ ಬಾವಿಯ ಉಂಗುರದಂತೆ ಒಂದನ್ನೊಂದು ಒತ್ತಿಕೊಂಡು ನಿಂತುಬಿಡುತ್ತವೆ. ಮೇಲೆ ಹೋದಂತೆ ಇಳಿಜಾರು ಹೆಚ್ಚಿ ಜಾರುವ ಭಯ ಹೆಚ್ಚುತ್ತದೆ ನಿಜ, ಆದರೆ ಸುತ್ತೂ ಚಿಕ್ಕದಾಗುವುದರಿಂದ ಬೇಗ ಮುಚ್ಚಿಕೊಳ್ಳುತ್ತದೆ. ನಿಜವಾದ ತೊಂದರೆ ಇರುವುದು ಎಲ್ಲರೂ ಗಟ್ಟಿ ಎಂದುಕೊಳ್ಳುವ ಬುಡದಲ್ಲಿ. ಅರ್ಧಗೋಳದ ಗುಮ್ಮಟದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿದ ಮೇಲೆ ಸುತ್ತುಗಳು ಒತ್ತಿಕೊಳ್ಳುವ ಬದಲು ಹಿಗ್ಗಲು ನೋಡುತ್ತವೆ, ಬುಡದಿಂದ ಮೇಲಕ್ಕೆ ನೆಟ್ಟನೆ ಬಿರುಕು ಏಳುತ್ತದೆ. ಅದಕ್ಕೇ ಬುಡ ದಪ್ಪವಿರಬೇಕು, ಸುತ್ತ ಭಾರ ಹೇರಬೇಕು. ವಿಜಯಪುರದ ಗೋಳಗುಮ್ಮಟದಲ್ಲಿ ಒಂದನ್ನೊಂದು ಹಾಯುವ ಎಂಟು ಕಮಾನುಗಳು ಒಳಕ್ಕೆ ಚಾಚಿರುವುದು ಬರೀ ಚಂದಕ್ಕಲ್ಲ, ಹೊರತಳ್ಳುವಿಕೆಯನ್ನು ಆ ಭಾರ ಹಿಡಿಯಲಿ ಎಂದು.

ಕಂಬಿ ಹಾಕಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತಲ್ಲವೇ ಅಂದರೆ, ಉಪ್ಪುಗಾಳಿಯಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಕಾಂಕ್ರೀಟನ್ನೇ ಸಿಡಿಸುತ್ತದೆ. ಮಂಗಳೂರು, ಕಾರವಾರದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೊರ್ನಿಷ್ ಮಸೀದಿ ಕೆಂಪು ಸಮುದ್ರದ ದಡದಲ್ಲೇ ಇದೆ. ಹೊರಗೆ ಬಿಳಿ ಗಾರೆ. ಗುಮ್ಮಟದ ಒಳಮೈಗೆ ಮಾತ್ರ ಗಾರೆ ಬಳಿಯದೆ ಇಟ್ಟಿಗೆ ಕಾಣುವಂತೆ ಬಿಟ್ಟಿದ್ದಾರೆ. ಅನುಮಾನವಿದ್ದವರು ಅದರ ಚಿತ್ರ ಹುಡುಕಿ ಸುತ್ತುಗಳನ್ನು ಎಣಿಸಲಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಮರವೂ ಬೇಡ, ಕಬ್ಬಿಣವೂ ಬೇಡ ಎಂದ ಮೇಲೆ ಇದು ಬಡವರ ಚಾವಣಿಯಾಗಬೇಕಿತ್ತು. ಫಾತಿಯವರ ಆಸೆಯೂ ಅದೇ. ಲಕ್ಸರ್ ಎದುರು 1940ರ ದಶಕದಲ್ಲಿ ನ್ಯೂ ಗೌರ್ನಾ ಹಳ್ಳಿ ಕಟ್ಟಿಸಿದರು. ಹಳ್ಳಿಗರು ತಮ್ಮ ಹಳೆಯ ಊರು ಬಿಟ್ಟು ಬರಲೊಪ್ಪಲಿಲ್ಲ. ಅದರ ಮೇಲೆ, ಗುಮ್ಮಟವೆಂದರೆ ಅಲ್ಲಿನವರ ಕಣ್ಣಿಗೆ ಗೋರಿ. ಶಿಷ್ಯ ಎಲ್-ವಕೀಲ್ ಅದೇ ವಿದ್ಯೆಯನ್ನು ಕಡಲತೀರದ ಸಿರಿವಂತರ ಮನೆಗೆ, ಜೆಡ್ಡಾದ ಸುಲೈಮಾನ್ ಅರಮನೆಗೆ, ಎಣ್ಣೆಯ ದುಡ್ಡಿನ ಮಸೀದಿಗಳಿಗೆ ಒಯ್ದರು. ಗುರುವಿಗೆ ದ್ರೋಹ ಬಗೆದರು ಎಂದು ಇದನ್ನು ಹಂಗಿಸುವವರಿದ್ದಾರೆ. ಆ ಮಾತು ಸರಿಯಲ್ಲ. ಮರದ ಖರ್ಚು ಉಳಿಯುತ್ತದೆ, ಆದರೆ ಕೈ ಪಳಗಿದ ಮೇಸ್ತ್ರಿ ಬೇಕು. ಹಲಾವಾ ಮನೆಗೆ ಫಾತಿಯವರ ಬಳಿ ಪಳಗಿದ ಅಲಾದ್ದೀನ್ ಮುಸ್ತಫಾ ಎಂಬ ಮೇಸ್ತ್ರಿ ಸಿಕ್ಕಿದ್ದರು. ಅಂಥವರಿಗೆ ವರ್ಷಪೂರ್ತಿ ಕೆಲಸ, ಸರಿಯಾದ ಕೂಲಿ ಕೊಡಲು ಆಗಿದ್ದು ಆ ಸಿರಿವಂತರ ಕಟ್ಟಡಗಳಿಂದಲೇ.