ಎಲೆಕ್ಟ್ರಾನಿಗೆ ಕಣ್ಣಿನ ಹಂಗಿಲ್ಲ

"ನಾವು ನೋಡಿದಾಗ ಮಾತ್ರ ಎಲೆಕ್ಟ್ರಾನು ಕಣ, ನೋಡದಿದ್ದರೆ ಬರೀ ಅಲೆ. ಅಂದಮೇಲೆ ಜಗತ್ತನ್ನು ಸೃಷ್ಟಿಸುವುದು ನಮ್ಮ ಪ್ರಜ್ಞೆಯೇ. ಋಷಿಗಳು ಅಂದೇ ಹೇಳಿದ್ದನ್ನು ಕ್ವಾಂಟಮ್ ವಿಜ್ಞಾನ ಇಂದು ಒಪ್ಪಿಕೊಂಡಿದೆ." ಪ್ರವಚನಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಈ ಮಾತು ಎಷ್ಟು ಸಲ ಎದುರಾಗಿದೆಯೋ ಲೆಕ್ಕವಿಲ್ಲ. ಇಡೀ ವಾದ ನಿಂತಿರುವುದು 'ನೋಡುವುದು' ಎಂಬ ಒಂದೇ ಪದದ ಮೇಲೆ. ಎಡವಿರುವುದೂ ಅಲ್ಲಿಯೇ.

ಈ ಮಾತಿನ ಮೂಲ ಎರಡು ಸೀಳುಗಳ ಪ್ರಯೋಗ. ಎರಡು ಕಿರಿದಾದ ಸೀಳುಗಳಿರುವ ತಡೆಯತ್ತ ಎಲೆಕ್ಟ್ರಾನುಗಳನ್ನು ಬಿಡುತ್ತಾರೆ, ತಡೆಯ ಆಚೆ ಒಂದು ಪರದೆ. ಒಂದೊಂದಾಗಿ ಬಿಟ್ಟ ಎಲೆಕ್ಟ್ರಾನುಗಳು ಪರದೆಯ ಮೇಲೆ ಚುಕ್ಕೆಗಳಾಗಿ ಬಿದ್ದು, ಚುಕ್ಕೆಗಳು ಸಾವಿರಾರಾದಾಗ ಪಟ್ಟೆ ಪಟ್ಟೆಯ ವಿನ್ಯಾಸ ಮೂಡುತ್ತದೆ. ಇದು ಅಲೆಯ ಗುರುತು. ಯಾವುದು ಯಾವ ಸೀಳಿನಿಂದ ಬಂತೆಂದು ಪತ್ತೆಹಚ್ಚಲು ಹೊರಟರೆ ಪಟ್ಟೆಗಳು ಮಾಯ. ಆದರೆ ಪತ್ತೆಹಚ್ಚುವುದು ಉಪಕರಣ, ಮನಸ್ಸಲ್ಲ. ಪ್ರಯೋಗಾಲಯಕ್ಕೆ ಬೀಗ ಹಾಕಿ ಎಲ್ಲರೂ ಮನೆಗೆ ಹೋದರೂ, ಉಪಕರಣದ ದಾಖಲೆಯನ್ನು ಯಾರೂ ಎಂದೂ ಓದದಿದ್ದರೂ, ಪಟ್ಟೆ ಮೂಡುವುದಿಲ್ಲ.

ಇದನ್ನು ಎಲ್ಲಕ್ಕಿಂತ ಚೆಂದವಾಗಿ ತೋರಿಸಿದ್ದು ವಿಯೆನ್ನಾದ ಪ್ರಯೋಗಗಳು. 60 ಕಾರ್ಬನ್ ಪರಮಾಣುಗಳು ಫುಟ್‌ಬಾಲಿನ ಹಾಗೆ ಹೆಣೆದುಕೊಂಡ ಅಣುವೂ ಅಲೆಯಂತೆ ಪಟ್ಟೆ ಮೂಡಿಸುತ್ತದೆಂದು ಭೌತವಿಜ್ಞಾನಿ ಆಂಟನ್ ಝೈಲಿಂಗರ್ ಅವರ ತಂಡ 1999ರಲ್ಲಿ ತೋರಿಸಿತು. 2004ರಲ್ಲಿ ಅದೇ ತಂಡ 70 ಕಾರ್ಬನ್ನುಗಳ ಅಣುವನ್ನು ಹಾರುವ ದಾರಿಯಲ್ಲಿ ಲೇಸರ್‌ನಿಂದ ಕಾಯಿಸಿತು. ಕಾದ ಕಬ್ಬಿಣದ ಹಾಗೆ ಅಣು ಬೆಳಕನ್ನು ಹೊರಸೂಸತೊಡಗಿತು. ಹೆಚ್ಚು ಕಾಯಿಸಿದಷ್ಟೂ ಪಟ್ಟೆಗಳು ಮಸುಕಾದವು, ಕೊನೆಗೆ ಅಳಿಸಿಯೇಹೋದವು. ಹೊರಟ ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಯಾರೂ ಹಿಡಿದು ನೋಡಲಿಲ್ಲ. ಅವು ಹೊರಬಿದ್ದದ್ದೇ ಸಾಕಾಯಿತು.

ಯಾಕೆ? ಎರಡೂ ದಾರಿಗಳಲ್ಲಿ ಒಟ್ಟಿಗೆ ಸಾಗುವುದು ಅಣುವಿನ ಗುಟ್ಟು. ಅದು ಎಲ್ಲಿತ್ತೆಂಬ ಸುಳಿವನ್ನು ಫೋಟಾನು ಹೊತ್ತೊಯ್ದರೆ ಗುಟ್ಟು ರಟ್ಟಾದಂತೆ, ಕೇಳಿಸಿಕೊಳ್ಳಲು ಕಿವಿ ಇರಲಿ ಬಿಡಲಿ. ಒದ್ದೆ ಮರಳಿನ ಮೇಲೆ ನಡೆದವನ ಹೆಜ್ಜೆಗುರುತು ಯಾರಾದರೂ ಬಂದು ನೋಡಲೆಂದು ಕಾಯುತ್ತದೆಯೇ? ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಎರಡು ದಾರಿಯ ಅಲೆಗಳು ಒಂದೇ ತಾಳಕ್ಕೆ ಹಾಡುವ ಜೋಡಿ ದನಿಗಳು. ಪಟ್ಟೆ ಆ ತಾಳದ ಫಲ. ಸುತ್ತಲಿನ ಪ್ರತಿಯೊಂದು ಡಿಕ್ಕಿಯೂ, ಹೊರಸೂಸಿದ ಪ್ರತಿಯೊಂದು ಫೋಟಾನೂ ಆ ತಾಳವನ್ನು ಅಷ್ಟಷ್ಟೇ ಕೆಡಿಸುತ್ತದೆ. ಇದಕ್ಕೆ ಡಿಕೋಹೆರೆನ್ಸ್ ಎಂದು ಹೆಸರು. ಧೂಳಿನ ಒಂದು ಕಣಕ್ಕೂ ಗಾಳಿಯ ಅಣುಗಳು ಬಿಡುವಿಲ್ಲದೆ ಬಡಿಯುತ್ತಿರುತ್ತವೆ. ಹಾಗಾಗಿ ಅದರ ಗುಟ್ಟು ಕಣ್ಣು ಮಿಟುಕಿಸುವಷ್ಟು ಹೊತ್ತೂ ಉಳಿಯದು. ಬಿಡಿ ಎಲೆಕ್ಟ್ರಾನಿನ ವಿಚಿತ್ರಗಳನ್ನು ಎತ್ತಿ ಬೆಚ್ಚಗಿನ ಮನುಷ್ಯದೇಹಕ್ಕೆ ಅಂಟಿಸಲಾಗದು ಎನ್ನುವುದು ಇದಕ್ಕೇ.

ಪ್ರಜ್ಞೆಯ ಮಾತು ಪ್ರವಚನಕಾರರ ಸೃಷ್ಟಿಯೇನಲ್ಲ, ಅದನ್ನೂ ಹೇಳಬೇಕು. 1961ರಲ್ಲಿ ಯುಜೀನ್ ವಿಗ್ನರ್ ಅವರಂಥ ದೊಡ್ಡ ಭೌತವಿಜ್ಞಾನಿಯೇ ಅಳತೆಯನ್ನು ಪೂರ್ಣಗೊಳಿಸುವುದು ಪ್ರಜ್ಞೆ ಎಂದು ವಾದಿಸಿದ್ದರು. ಆಮೇಲೆ ಜರ್ಮನ್ ಭೌತವಿಜ್ಞಾನಿ ಡೀಟರ್ ಝೇ 1970ರಲ್ಲಿ, ಹೀಗೆ ತಾಳ ಕೆಡಿಸುವ ಪರಿಸರದ ಪಾತ್ರವನ್ನು ಎತ್ತಿ ತೋರಿಸಿದರು. ಅದನ್ನು ಓದಿದ ವಿಗ್ನರ್ ಮುಂದೆ ತಮ್ಮ ನಿಲುವನ್ನು ಕೈಬಿಟ್ಟರು. ಹಲವು ಸಾಧ್ಯತೆಗಳಲ್ಲಿ ನಿರ್ದಿಷ್ಟವಾಗಿ ಇದೊಂದೇ ಏಕೆ ಕಾಣುತ್ತದೆ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ, ನಿಜ. ಬಗೆಹರಿಯದ ಪ್ರಶ್ನೆ ಯಾವ ಸಿದ್ಧಾಂತಕ್ಕೂ ಸಾಕ್ಷಿಯಾಗುವುದಿಲ್ಲ.

ನನಗೆ ನಿಜಕ್ಕೂ ಆತಂಕವಾಗುವುದು 'ಕ್ವಾಂಟಮ್ ಚಿಕಿತ್ಸೆ' ಎಂಬ ಹೆಸರು ಕಂಡಾಗ. ನಿನ್ನ ಯೋಚನೆಯ ಕಂಪನ ಸರಿಯಿಲ್ಲ, ಅದಕ್ಕೇ ಕಾಯಿಲೆ ಎಂದರೆ ನರಳುವವರ ತಲೆಯ ಮೇಲೆ ಅಪರಾಧವನ್ನೂ ಹೊರಿಸಿದಂತೆ. ಹಾಗೆ ಹೇಳುವ ಯಾವ ಸಮೀಕರಣವೂ ಇಲ್ಲ.

ವೇದಾಂತಕ್ಕೆ ಈ ಊರುಗೋಲು ಬೇಕೂ ಇಲ್ಲ. ಕ್ವಾಂಟಮ್ ವಿಜ್ಞಾನವನ್ನು ಕಟ್ಟಿದವರಲ್ಲೊಬ್ಬರಾದ ಎರ್ವಿನ್ ಶ್ರೋಡಿಂಗರ್ ಉಪನಿಷತ್ತುಗಳನ್ನು ಮನಸಾರೆ ಮೆಚ್ಚಿದವರು. ಎಲ್ಲರಲ್ಲೂ ಇರುವ ಪ್ರಜ್ಞೆ ಒಂದೇ ಎಂದು 1925ರಲ್ಲೇ ಬರೆದಿಟ್ಟವರು. ಕೆಲವೇ ತಿಂಗಳಲ್ಲಿ, 1926ರಲ್ಲಿ, ಅವರ ಅಲೆಯ ಸಮೀಕರಣ ಹೊರಬಂತು. ಅದರಲ್ಲಿ ದ್ರವ್ಯರಾಶಿಯಿದೆ, ಶಕ್ತಿಯಿದೆ, ಪ್ಲಾಂಕ್ ಸ್ಥಿರಾಂಕವಿದೆ. ಪ್ರಜ್ಞೆಗೆಂದು ಒಂದಕ್ಷರವೂ ಇಲ್ಲ. ಮೂವತ್ತು ವರ್ಷಗಳ ನಂತರ, 1956ರ ಉಪನ್ಯಾಸಗಳಲ್ಲಿ, ಕ್ವಾಂಟಮ್ ಅಳತೆಯಲ್ಲಿ ವಸ್ತುವನ್ನು ಕದಲಿಸುವ ಉಪಕರಣವನ್ನು 'ನೋಡುವ ಆತ್ಮ'ದ ಜೊತೆ ಬೆರೆಸಬೇಡಿ, ಅನುಭವಿಸುವುದು ಮನಸ್ಸು, ಅದು ಬೇರೆಯೇ ಎಂದು ಎಚ್ಚರಿಸಿದವರೂ ಈ ವೇದಾಂತಪ್ರಿಯರೇ.